ವರದಿಯಲ್ಲಿ ತಿದ್ದಿದ ಒಂದು ಪದ

ಮಾರ್ಚ್ ೧೨

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರಿಸಲಿಲ್ಲ. ಬೈದುಕೊಂಡಿರುತ್ತೀಯ, ಬೈಯಿ. ಮೊದಲು ಒಳ್ಳೆಯ ಸುದ್ದಿ: ಪರೀಕ್ಷೆಗೆ ಕೊಟ್ಟಿದ್ದ ನಿನ್ನ ಮೂಳೆಯ ಚೂರು ಆರೋಗ್ಯವಾಗಿದೆ.

ಪ್ರಯೋಗಾಲಯದ ವರದಿಗಳ ಭಾಷೆ ತಿದ್ದುವವನು ನಾನೇ ತಾನೆ, ನಿನ್ನದೂ ನನ್ನ ಮೇಜಿಗೇ ಬಂತು. ‘ಮೂಳೆ ಕರಗಿಸುವ ಜೀವಕೋಶಗಳೆಲ್ಲ ಹೆಣ್ಣಿನವು’ ಎಂದಿತ್ತು. ಈ ಕೋಶಗಳು ಮೂಳೆಯಲ್ಲಿ ಹುಟ್ಟುವುದಿಲ್ಲ. ರಕ್ತ ಹುಟ್ಟುವ ಮಜ್ಜೆಯಿಂದಲೇ ಬರುತ್ತವೆ ಎಂದು ಇಲ್ಲಿ ಕಲಿತಿದ್ದೇನೆ. ಮಜ್ಜೆ ಯಾರದೋ, ಈ ಕೋಶಗಳೂ ಅವರವೇ. ನಾಲ್ಕು ವರ್ಷದ ನಿನ್ನ ಮೂಳೆ ಕಲ್ಲಾಗುತ್ತಿದ್ದಾಗ ಎರಡು ವರ್ಷದ ನನ್ನ ಮಜ್ಜೆ ಕೊಟ್ಟು ಉಳಿಸಿದರೆಂಬುದು ನಮ್ಮ ಮನೆಯ ಗೋಡೆಗೂ ಗೊತ್ತು. ನನ್ನ ಸೊಂಟದಲ್ಲಿ ಸೂಜಿಯ ಗುರುತಿದೆ ಎಂದೂ ಅಮ್ಮ ಹೇಳುತ್ತಿದ್ದಳು. ಹಾಗಾಗಿ ‘ಗಂಡಿನವು’ ಎಂದು ತಿದ್ದಿದೆ.

ಸೂಕ್ಷ್ಮದರ್ಶಕದ ಮೇಡಂ ಕಾಗದ ಹಿಡಿದು ಬಂದರು. “ಏನ್ರೀ, ಕಾಗುಣಿತ ತಿದ್ದಿ ಅಂದ್ರೆ ಮನುಷ್ಯರನ್ನೇ ತಿದ್ದಿದ್ದೀರಲ್ಲ!”

“ಮಜ್ಜೆ ಕೊಟ್ಟೋನು ಗಂಡು ಅಂತ ಕೇಳಿದ್ದೆ ಮೇಡಂ.”

“ಕೇಳಿದ್ದು ಬಿಡಿ, ಕಣ್ಣಿಟ್ಟು ನೋಡಿ.”

ನೋಡಿದೆ. ಗಂಡಿನದಾದರೆ ಪ್ರತಿ ಕೋಶದಲ್ಲೂ ಒಂದು ಕೆಂಪು, ಒಂದು ಹಸಿರು ಚುಕ್ಕೆ ಇರಬೇಕಂತೆ, ಹೆಣ್ಣಿನದಾದರೆ ಎರಡೂ ಕೆಂಪು. ಎಲ್ಲೆಲ್ಲೂ ಜೋಡಿ ಕೆಂಪು.

“ರೋಗಿಯ ಸ್ವಂತದ್ದೇ ಇರಬಹುದಲ್ವಾ?”

“ಅವು ಕೆಲಸ ಮಾಡೋ ಹಾಗಿದ್ರೆ ಮೂಳೆ ಕಲ್ಲಾಗೋ ಆ ಕಾಯಿಲೆನೇ ಬರ್ತಿರ್ಲಿಲ್ಲ. ಕೊಟ್ಟೋರು ಯಾರೋ ಹೆಂಗಸು.”

ಅಂದಿನಿಂದ ಅಮ್ಮನನ್ನು ಕಳ್ಳನಂತೆ ಗಮನಿಸುತ್ತಿದ್ದೆ. ನಿನ್ನೆ ಅವಳು ಬಟ್ಟೆ ಮಡಚುವಾಗ ಕೇಳಿಯೇಬಿಟ್ಟೆ: “ಅಕ್ಕನಿಗೆ ಕೊಟ್ಟಿದ್ದು ನಾನೇನಾ?”

“ಇನ್ಯಾರು, ಪಕ್ಕದ ಮನೆಯವ್ರಾ?” ಎಂದು ನಕ್ಕಳು. ಆದರೆ ಕೈ ಸೊಂಟದ ಹಿಂದಕ್ಕೆ ಹೋಗಿ ನಿಂತಿತು. ಮಜ್ಜೆ ತೆಗೆಯುವುದು ಅಲ್ಲಿಂದಲೇ, ಅಕ್ಕ. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳಿಗೂ ತಿಳಿಯಿತು.

“ಚಿಕ್ಕೋಳಿದ್ದಾಗ ನಿನ್ನಕ್ಕ ನಿನ್ನ ಬಡೀತಿದ್ಲು ಕಣೋ. ನಿಲ್ಲಿಸ್ಲಿ ಅಂತ, ನಿನ್ನ ಉಳಿಸಿದ್ದು ತಮ್ಮನೇ ಅಂದೆ. ಆಮೇಲೆ ಆಡಿದ ಮಾತನ್ನ ಹೇಗೆ ವಾಪಸ್ ತಗೊಳ್ಳೋದು?”

ಆ ಮಾತು ನಂಬಿಯೇ ಅಲ್ಲವೇ, ಒಬ್ಬರನ್ನು ಮಾತ್ರ ಓದಿಸಲು ಸಾಧ್ಯ ಎಂದಾಗ, “ಜೀವ ಕೊಟ್ಟೋನು ಓದ್ಲಿ” ಎಂದು ಕಾಲೇಜಿನ ಅರ್ಜಿಯನ್ನು ನನ್ನ ಕೈಗಿಟ್ಟು ನೀನು ಹೊಲಿಗೆ ಅಂಗಡಿಗೆ ಹೋದದ್ದು?

ವರದಿಯನ್ನು ಮೊದಲಿದ್ದಂತೆಯೇ ಮಾಡಿ ಕಳಿಸಿದ್ದೇನೆ. ಭಾವನಿಗೆ ನಮಸ್ಕಾರ. ಪಾಪುವಿಗೆ ನನ್ನ ಆಶೀರ್ವಾದ, ಅವಳ ಮೂಳೆ ಗಟ್ಟಿಯಾಗಿರಲಿ, ಕಲ್ಲಾಗದಿರಲಿ.

ನಿನ್ನ ತಮ್ಮ

ಮರೆತ ಮಾತು: ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡ. ನೀನು ಅರ್ಜಿಯನ್ನು ನನ್ನ ಕೈಗಿಟ್ಟ ದಿನವೇ ನಾನು ಬಚ್ಚಲುಮನೆಯ ಕನ್ನಡಿಗೆ ಬೆನ್ನು ಮಾಡಿ ನಿಂತು ಸೂಜಿಯ ಗುರುತು ಹುಡುಕಿದ್ದೆ. ಎಲ್ಲೂ ಇರಲಿಲ್ಲ. ಹೊರಗೆ ಬಂದು ಅರ್ಜಿಗೆ ಸಹಿ ಹಾಕಿದೆ.