ಅಂಟದ ಕೆಸರು

ಜೂನ್ 9, ಭಾನುವಾರ. ಸಂಜೆ 5

ಸೈಕಲ್ಲಿನ ಚೈನು ತಿಕ್ಕಿದ್ದಾಯಿತು. ನಾನು ಕೃತಕ ಹಲ್ಲು ಮಾಡುವ ಲ್ಯಾಬಿನಿಂದ ತಂದ ಹಳೇ ಬ್ರಷ್ಷು ಎರಡೂ ಸವೆದುಹೋದವು. ಹಲ್ಲುಸೆಟ್ಟು ಉಜ್ಜುವ ಬ್ರಷ್ಷಿಗೆ ಬಂದ ಗತಿ ನೋಡು! ಹಿಂದಿನ ಗಾಲಿಯ ಸಂದಿಯಿಂದ ಇನ್ನೂ ಬರುತ್ತಲೇ ಇದೆ — ಜೇಡಿಮಣ್ಣು, ಹುಲ್ಲು, ಒಂದು ಎರೆಹುಳು ಕೂಡ. ಪಾಪ, ಅದೂ ನನ್ನ ಜೊತೆ ಮೂರು ಸುತ್ತು ಸುತ್ತಿದೆ. ಹೂವಿನ ಕುಂಡಕ್ಕೆ ಬಿಟ್ಟೆ.

ಇವತ್ತಿನ ಕೆಸರು ರೇಸಿನಲ್ಲೂ ಹಗ್ಗ. ನಾಲ್ಕು ನಿಮಿಷ ತಡ. ಎಪ್ಪತ್ತೈದು ನಿಮಿಷದೊಳಗೆ ಮೂರು ಸುತ್ತು ಮುಗಿಸಿದವರಿಗೆ ಮಾತ್ರ ನಾಲ್ಕನೆಯದು, ಕೊನೆಯದು. ಆಮೇಲೆ ಬಂದವರಿಗೆ ಗಂಟೆ ಹೊಡೆದು ದಾರಿಗೆ ಅಡ್ಡ ಹಗ್ಗ ಎಳೆದುಬಿಡುತ್ತಾರೆ. ಗಂಟೆಯವನಿಗೆ ಈಗ ನನ್ನ ಮುಖ ಚೆನ್ನಾಗಿ ಗುರುತು. "ಮುಂದಿನ ಸಲ ಆಗತ್ತೆ ಮೇಡಂ" ಅಂದ. ಆ ಹಗ್ಗ ಕಿತ್ತು ಅವನಿಗೇ ಸುತ್ತೋಣ ಅನಿಸಿತು. ಹ್ಞೂಂ ಅಂತ ನಕ್ಕು ಬಂದೆ. ಈ ಮಳೆಗಾಲಕ್ಕೆ ಐದು ರೇಸು. ಎರಡು ಮುಗಿದವು, ಎರಡರಲ್ಲೂ ಹಗ್ಗ.

ನಲವತ್ತೆಂಟು ವರ್ಷ ನನಗೆ. ಒಂದೇ ಒಂದು ಸಲ ಪೂರ್ತಿ ಮುಗಿಸಬೇಕು. ಮುಗಿಸಿ ತಲೆ ಎತ್ತಿದಾಗ ಇವರು ಅಲ್ಲಿ ನಿಂತಿರಬೇಕು. ಅಷ್ಟೇ ಆಸೆ.

ಇವರು ಒಳಗೆ ಮಲಗಿದ್ದಾರೆ. ಬೇಕರಿಯವರಿಗೆ ಸಂಜೆ ಐದಕ್ಕೇ ರಾತ್ರಿ. ನಾನು ಬಂದಾಗ ಎದ್ದೇ ಇದ್ದರು. ಸೈಕಲ್ಲಿನ ಕಡೆ ಕಣ್ಣೂ ಹಾಯಿಸಲಿಲ್ಲ. ನನ್ನ ಮೊಣಕೈ, ಮೊಣಕಾಲು ನೋಡಿದರು. ಎಲ್ಲ ಇದ್ದ ಜಾಗದಲ್ಲೇ ಇವೆ ಅಂತ ಖಾತ್ರಿಯಾದ ಮೇಲೆ ಒಳಗೆ ಹೋದರು.

ಮೊದಲು ಹೀಗಿರಲಿಲ್ಲ. ಪ್ರತಿ ರೇಸಿಗೂ ಬನ್ನಿನ ಚೀಲ ಹಿಡಿದು ಬರುತ್ತಿದ್ದರು. ಎರಡು ವರ್ಷದ ಹಿಂದೆ ಇಳಿಜಾರಿನಲ್ಲಿ ಬಿದ್ದು ಭುಜದ ಹತ್ತಿರ ಮೂಳೆ ಮುರಿದುಕೊಂಡೆನಲ್ಲ, ಆಗ ಎರಡು ಮಾರು ದೂರದಲ್ಲಿ ಇದ್ದರು. ಮುರಿದ ಸದ್ದು ಕೇಳಿಸಿತಂತೆ. ಆಸ್ಪತ್ರೆಯಲ್ಲೇ ಹೇಳಿದರು — "ಓಡಿಸು, ಬೇಡ ಅನ್ನಲ್ಲ. ನಾನು ಮಾತ್ರ ನೋಡಕ್ಕೆ ಬರಲ್ಲ. ನನ್ನ ಕೈಲಾಗಲ್ಲ ಕಣೇ." ಆಮೇಲೆ ನಮ್ಮಿಬ್ಬರ ನಡುವೆ ರೇಸಿನ ಮಾತೇ ಇಲ್ಲ.

ಜೂನ್ 13, ಗುರುವಾರ

ಲ್ಯಾಬಿನಲ್ಲಿ ನಾಲ್ಕು ಮೇಲ್ದವಡೆ, ಒಂದು ಕೆಳದವಡೆಯ ಅಚ್ಚು ಎರೆದೆ. ಬೆರಳೆಲ್ಲ ಪ್ಲಾಸ್ಟರು.

ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಕೇಳಿದರು. "ಅಲ್ಲ, ಯಾಕೆ ತಡ ಆಗೋದು ನಿಂಗೆ?"

ಎರಡು ವರ್ಷದಲ್ಲಿ ಮೊದಲ ಪ್ರಶ್ನೆ. ಎಲ್ಲಿ ಬಾಯಿ ಮುಚ್ಚಿಬಿಡುತ್ತಾರೋ ಅಂತ ಸಹಜವಾಗಿ ಹೇಳುವವಳ ಹಾಗೆ ಹೇಳಿದೆ. "ಕೆಸರು ರೀ. ಗಾಲಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡುಬಿಡತ್ತೆ. ಗಾಲಿ ತಿರುಗೋದೇ ಇಲ್ಲ. ಸುತ್ತಿಗೆ ಮೂರು ಸಲ ಇಳಿದು ಕಡ್ಡೀಲಿ ಕೆರೀಬೇಕು. ಅಷ್ಟರಲ್ಲಿ ಸೈಕಲ್ಲು ನನ್ನಷ್ಟೇ ಭಾರ ಆಗಿರತ್ತೆ."

"ಕಲಸಿದ ಹಿಟ್ಟಿನ ಥರಾನಾ?"

"ಅದಕ್ಕಿಂತ ಕಡೆ."

"ಹ್ಞೂಂ. ಟ್ರೇಗೆ ಸರಿಯಾಗಿ ಎಣ್ಣೆ ಹೊಡೀದಿದ್ರೆ ನಮಗೂ ಹಂಗೇ." ಅಷ್ಟು ಹೇಳಿ ಕೈ ತೊಳೆಯಲು ಎದ್ದರು.

ಅಷ್ಟಾದರೂ ಕೇಳಿದರಲ್ಲ. ಪಾತ್ರೆ ತೊಳೆಯುತ್ತಾ ಏನೋ ಗುನುಗುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು.

ಜೂನ್ 30, ಭಾನುವಾರ

ಐವತ್ತು ಸೆಕೆಂಡು.

ಐವತ್ತೇ ಸೆಕೆಂಡು ತಡ! ಒಂದು ಸಲ ಕಡಿಮೆ ಕೆರೆದಿದ್ದರೆ ಸಾಕಿತ್ತು. ಹಗ್ಗದ ಈಚೆ ಕೆಸರಲ್ಲೇ ಕೂತು ಅತ್ತೆ. ನಾಚಿಕೆಯೂ ಆಗಲಿಲ್ಲ. ಟೀಚರ್ ದಾಟಿಬಿಟ್ಟರು. ರಿಟೈರಾದ ಲೆಕ್ಕದ ಟೀಚರ್, ಅರವತ್ತೊಂದು ವಯಸ್ಸು, ರೇಸಿನ ಬಾಲದಲ್ಲಿ ಯಾವಾಗಲೂ ನನ್ನ ಜೊತೆಗಾತಿ. ಹೊಟ್ಟೆಕಿಚ್ಚು ಪಡಬಾರದು ಅಂದುಕೊಂಡೆ. ಪಟ್ಟೆ. ಮನೆಗೆ ಬರುವಾಗ ಅವರ ವ್ಯಾನಿನಲ್ಲೇ ಬಂದೆ, ಅವರು ಕೊಟ್ಟ ಟೀಯನ್ನೇ ಕುಡಿದೆ.

ನೋಡಲು ನಾದಿನಿ ಬಂದಿದ್ದಳು. ಬೇಕರಿ ಕೌಂಟರಿನಲ್ಲಿ ಕೂರುವವಳು ಅವಳೇ. "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅತ್ತಿಗೆ? ಮಣ್ಣಲ್ಲಿ ಹೂತಿಟ್ಟ ಗೆಣಸಿನ ಥರ ಕಾಣ್ತಿದ್ದೀಯ" ಅಂತ ನಗಾಡಿದಳು. ಆಮೇಲೆ ದನಿ ತಗ್ಗಿಸಿ — "ಅಣ್ಣ ಮೂರು ಸಲ ಫೋನ್ ಮಾಡಿದ್ದ. ಬಿದ್ದಳಾ, ಬಿದ್ದಳಾ ಅಂತ. ಹೇಳಬೇಡ ಅಂದಿದ್ದಾನೆ, ಹೇಳ್ತಿದ್ದೀನಿ."

ಮನೆಯಲ್ಲಿ ಇವರು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ಆಯ್ತಾ?" ಅಂದರು. ಕಳ್ಳ!

ಜುಲೈ 20, ಶನಿವಾರ. ಮಧ್ಯಾಹ್ನ

ವಾರಗಟ್ಟಲೆ ಮಳೆ. ನಾಳೆ ನಾಲ್ಕನೆಯ ರೇಸು. ದಾರಿಯೆಲ್ಲ ಪಾಯಸ ಆಗಿರುತ್ತೆ ಅಂತ ಟೀಚರ್ ಫೋನು.

ಲ್ಯಾಬಿನಿಂದ ಬಂದರೆ ಇವರು ಹಿತ್ತಿಲಿನಲ್ಲಿ! ಸೈಕಲ್ಲಿನ ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾರೆ. ನನ್ನನ್ನು ಕಂಡು ಏನನ್ನೋ ಏಪ್ರನ್ನಿನ ಜೇಬಿಗೆ ತುರುಕಿದರು.

"ಏನ್ರೀ ಮಾಡ್ತಿದ್ದೀರಾ?"

"ಏನಿಲ್ಲಪ್ಪ. ಧೂಳಿತ್ತು, ಒರೆಸಿದೆ."

ಈ ಮಳೆಯಲ್ಲಿ ಎಲ್ಲಿಯ ಧೂಳು? ಕೇಳಲಿಲ್ಲ. ಕೇಳಿದರೆ ಎದ್ದು ಹೋಗುತ್ತಾರೆ. ಅಡುಗೆಮನೆಯ ಕಿಟಕಿಯಿಂದ ಕದ್ದು ನೋಡುತ್ತಾ ನಿಂತೆ. ಬ್ರೆಡ್ಡು ತಿರುವಿ ನೋಡುವ ಹಾಗೆ ಗಾಲಿ ತಿರುವಿ ನೋಡುತ್ತಿದ್ದರು. ಬೆನ್ನ ಮೇಲೆ ಮೈದಾಹಿಟ್ಟಿನ ಐದು ಬೆರಳು. ಅಲ್ಲಿಗೆ ಕೈ ಹೇಗೆ ಹೋಯಿತೋ! ಅವರ ಮೇಲೆ ಎಂಥ ಮುದ್ದು ಬಂತೆಂದರೆ...

ಜುಲೈ 21, ಭಾನುವಾರ. ಮಧ್ಯಾಹ್ನ 3

ನಿಧಾನವಾಗಿ ಬರೆಯಬೇಕು.

ಅಲ್ಲಿ ಮುಟ್ಟಿದ್ದೇ ತಡವಾಗಿ. ವ್ಯಾನಿನಿಂದ ಸೈಕಲ್ಲು ಇಳಿಸಿದವಳೇ ಸೀದಾ ರೇಸು ಹೊರಡುವ ಗೆರೆಯ ಹತ್ತಿರ. ಬ್ರೇಕು ಸ್ವಲ್ಪ ಮೆತ್ತಗೆ ಅನಿಸಿತು, ಒದ್ದೆಯಿರಬೇಕು ಅಂದುಕೊಂಡು ಹೊರಟೆ. ಏರು ಹತ್ತಿದೆ. ಆಶ್ಚರ್ಯ! ಗಾಲಿ ತಿರುಗುತ್ತಿದೆ. ಅಕ್ಕಪಕ್ಕದವರೆಲ್ಲ ಇಳಿದು ಕೆರೆಯುತ್ತಿದ್ದಾರೆ, ನನ್ನದರಿಂದ ಕೆಸರು ಮುದ್ದೆಮುದ್ದೆಯಾಗಿ ಜಾರಿ ಬೀಳುತ್ತಿದೆ. ಟೀಚರನ್ನೂ ದಾಟಿದೆ. "ಏನಮ್ಮಾ, ಮೋಟ್ರು ಇಟ್ಟಿದ್ದೀಯಾ?" ಅಂತ ಹಿಂದಿನಿಂದ ಕೂಗಿದರು.

ಆಮೇಲೆ ಇಳಿಜಾರು. ಅದೇ ಇಳಿಜಾರು.

ಬ್ರೇಕು ಒತ್ತಿದೆ. ಕೀರಲು ಸದ್ದು ಬಂತು, ಹಿಡಿತ ಬರಲಿಲ್ಲ. ಇನ್ನೂ ಒತ್ತಿದೆ, ಬೆರಳು ನೋಯುವಷ್ಟು. ಇಲ್ಲ! ಬಲಗಡೆ ಪೊದೆಯಿತ್ತು, ಅದಕ್ಕೇ ನುಗ್ಗಿಸಿದೆ. ಸೈಕಲ್ಲು ಮೇಲೆ, ನಾನು ಕೆಳಗೆ. ಮೂಳೆ ಮುಟ್ಟಿ ನೋಡಿಕೊಂಡೆ. ಎಲ್ಲ ಇವೆ.

ಗಾಲಿಯ ನಡುವೆ ಬ್ರೇಕು ಕಚ್ಚುವ, ಬಿಸಿಯಾದ ಡಿಸ್ಕಿನಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಮತ್ತೆ ಆ ವಾಸನೆ — ಒಲೆಗೆ ಇಟ್ಟ ಬ್ರೆಡ್ಡಿನ ಟ್ರೇಯದು. ಇಪ್ಪತ್ತಮೂರು ವರ್ಷದಿಂದ ಇವರ ಕುತ್ತಿಗೆಯಲ್ಲಿ, ದಿಂಬಿನಲ್ಲಿ ಇರುವ ವಾಸನೆ. ಟ್ರೇಗೆ ಹೊಡೆಯುವ ಎಣ್ಣೆಯ ಸ್ಪ್ರೇ! ಅಯ್ಯೋ ನನ್ನ ಪುಣ್ಯಾತ್ಮ! ಹಿಟ್ಟು ಅಂಟದ ಹಾಗೆ ಕೆಸರೂ ಅಂಟದಿರಲಿ ಅಂತ ಮೂಲೆ ಬಿಡದೆ ಹೊಡೆದಿದ್ದಾರೆ. ಫ್ರೇಮಿಗೆ, ಗಾಲಿಗೆ, ಸಾಲದ್ದಕ್ಕೆ ಬ್ರೇಕಿನ ಡಿಸ್ಕಿಗೂ. ಕೆಲಸ ಯಾವುದಿರಲಿ, ಅರೆಬರೆ ಮಾಡಿದವರೇ ಅಲ್ಲ.

ಪೊದೆಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಗುತ್ತಲೇ ಅಳು ಬಂತು. ಆಮೇಲೆ ಒಂದು ಯೋಚನೆ ಬಂತು. ಇವತ್ತು ನಾನು ಬಿದ್ದು ಏನಾದರೂ ಮುರಿದುಕೊಂಡರೆ ಅದು ಇವರ ಕೈಯಿಂದ ಆದದ್ದು. ಬದುಕಿರುವವರೆಗೆ ಹೊರುತ್ತಾರೆ. ಬೀಳಲೇಕೂಡದು.

ರೇಸು ಬಿಟ್ಟು ಬರಬಹುದಿತ್ತು. ಬಿಟ್ಟರೆ ಯಾಕೆ ಅಂತ ಹೇಳಬೇಕು. ಹಾಗಾಗಿ ಇಳಿಜಾರು ಬಂದಾಗಲೆಲ್ಲ ಇಳಿದು, ಸೈಕಲ್ಲನ್ನು ಹೆಗಲಿಗೆ ಏರಿಸಿ, ಹಿಮ್ಮಡಿ ಊರಿ ಓಡಿದೆ. ಏರಿನಲ್ಲಿ ಗಳಿಸಿದ್ದನ್ನು ಇಳಿವಿನಲ್ಲಿ ಕಳೆದೆ, ಮತ್ತೆ ಏರಿನಲ್ಲಿ ಗಳಿಸಿದೆ. ಮೂರನೆಯ ಸುತ್ತು ಮುಗಿಸುವಾಗ ಗಂಟೆಯವನು ಆಗಲೇ ಹಗ್ಗ ಕೈಗೆತ್ತಿಕೊಂಡಿದ್ದ. ನನ್ನನ್ನು ಕಂಡು ಹಗ್ಗ ಬಿಸಾಕಿ ಎರಡೂ ಕೈ ಬೀಸಿದ. "ಬನ್ನಿ ಬನ್ನಿ ಮೇಡಂ, ಇನ್ನೂ ಇಪ್ಪತ್ತು ಸೆಕೆಂಡಿದೆ!" ಅವನನ್ನು ಎಲ್ಲದಕ್ಕೂ ಕ್ಷಮಿಸಿದೆ.

ಮುಗಿಸಿದೆ. ಎಲ್ಲರಿಗಿಂತ ಕೊನೆಯವಳು. ಮುಗಿಸಿದೆ!

ತಲೆ ಎತ್ತಿದೆ. ನಾದಿನಿ ಕುಣಿಯುತ್ತಿದ್ದಳು. ಅವಳ ಪಕ್ಕದಲ್ಲಿ ಬಿಳಿ ಏಪ್ರನ್ನಿನಲ್ಲಿ ಒಬ್ಬರು, ಬೆನ್ನು ತಿರುಗಿಸಿ, ಪಾರ್ಕಿಂಗ್ ನೋಡುತ್ತಾ ನಿಂತಿದ್ದಾರೆ. ಬೆನ್ನ ಮೇಲೆ ಹಿಟ್ಟಿನ ಬೆರಳು.

"ಮೂರನೇ ಸುತ್ತಿನಿಂದ ಹಿಂಗೇ ನಿಂತಿದ್ದಾನೆ ಅತ್ತಿಗೆ" ಅಂದಳು. "ನಾನು ಹೇಳ್ತಾ ಇರ್ಬೇಕು — ಈಗ ಬಂದ್ಲು, ಈಗ ತಿರುಗಿದ್ಲು ಅಂತ. ಗಂಟಲು ಬಿದ್ದುಹೋಯ್ತು ನಂದು."

"ರೀ" ಅಂದೆ.

ತಿರುಗಿದರು. ಮೊಣಕೈ, ಮೊಣಕಾಲು. ಆಮೇಲೆ ಮುಖ. ಕಣ್ಣು ತುಂಬಿತ್ತು, ಅದನ್ನು ಮುಚ್ಚಿಕೊಳ್ಳಲು ಸೈಕಲ್ಲಿನ ಕಡೆ ಬಗ್ಗಿದರು. "ಕೆಸರು ಅಂಟಿತಾ?"

"ಎಳ್ಳಷ್ಟೂ ಇಲ್ಲ ರೀ."

ಆ ನಗು ನೋಡಬೇಕಿತ್ತು! ಬ್ರೇಕಿನ ಮಾತು ನಾಲಿಗೆ ತುದಿಯಲ್ಲೇ ನಿಂತಿತು.

ಜುಲೈ 22, ಸೋಮವಾರ

ಅಂಗಡಿಯ ಮೆಕ್ಯಾನಿಕ್ ಬ್ರೇಕ್ ಪ್ಯಾಡು ಬಿಚ್ಚಿ ಮೂಸಿ ನೋಡಿದ. "ಅಕ್ಕಾ, ಡಿಸ್ಕಿಗೆ ಎಣ್ಣೆ ಯಾರು ಹಾಕಿದ್ದು?"

"ನಾನೇ."

"ತಲೆಗಿಲೆ ಕೆಟ್ಟಿದೆಯಾ? ಸಾಯ್ತಿದ್ರಿ!"

ಅಷ್ಟನ್ನೂ ಕೇಳಿಸಿಕೊಂಡೆ. ಹೊಸ ಪ್ಯಾಡು ಹಾಕಿದ. ಹಳೆಯದು ಅಲ್ಲಿಟ್ಟರೆ ಇವರು ಎಂದಾದರೂ ಹೋದಾಗ ಅವನು ತೋರಿಸಿ ಹರಟುತ್ತಾನೆ. ಕಾಗದದಲ್ಲಿ ಸುತ್ತಿ ಲ್ಯಾಬ್ ಕೋಟಿನ ಜೇಬಿಗೆ ಹಾಕಿಕೊಂಡೆ. ದಾರಿಯಲ್ಲಿ ಎಲ್ಲಾದರೂ ಎಸೆಯಬೇಕು.

ಇವರಿಗೆ ಗೊತ್ತಾಗಕೂಡದು. ಗೊತ್ತಾದರೆ ಮುಗಿಯಿತು. ಎರಡು ವರ್ಷಕ್ಕೆ ಇಷ್ಟು ಹತ್ತಿರ ಬಂದಿದ್ದಾರೆ, ಬೆನ್ನು ಹಾಕಿಕೊಂಡಾದರೂ.

ಜುಲೈ 26, ಶುಕ್ರವಾರ

ಪ್ಯಾಡು ಎಸೆಯುವುದು ಮರೆತೇಹೋಗಿತ್ತು. ನಿನ್ನೆ ಇವರ ಒಗೆತದ ದಿನ. ಏಪ್ರನ್ನುಗಳ ಜೊತೆ ನನ್ನ ಕೋಟೂ ಒಗೆದು ಹಾಕಿದ್ದಾರೆ. ಜೇಬು ಖಾಲಿ. ಮಷೀನಿನಲ್ಲಿ ಹುಡುಕಿದೆ, ಮೋರಿಯಲ್ಲಿ ಹುಡುಕಿದೆ. ಲ್ಯಾಬಿನಲ್ಲೇ ಬಿದ್ದಿರಬೇಕು. ಇವರು ಎಂದಿನಂತೆಯೇ ಇದ್ದಾರೆ. ಊಟದಲ್ಲಿ ಮಾತು ಸ್ವಲ್ಪ ಕಡಿಮೆ, ಅಷ್ಟೇ.

ಆಗಸ್ಟ್ 4, ಭಾನುವಾರ

ಟೀ ಕುಡಿಯುತ್ತಾ, ಬಟ್ಟಲಿನೊಳಗೆ ನೋಡುತ್ತಾ ಅಂದರು — "ಬರೋ ವಾರ ರಜೆ ಹಾಕಿದ್ದೀನಿ. ಆ ಇಳಿಜಾರಿನ ಹತ್ತಿರಾನೇ ನಿಲ್ತೀನಿ. ನಿನ್ನ ಕಡೆ ಮುಖ ಮಾಡಿ."

ನಾನು ಬಿಸ್ಕತ್ತು ಮುಂದೆ ತಳ್ಳಿದೆ. ಅದು ಟೀಗೆ ಬಿತ್ತು. ಇಬ್ಬರೂ ನಕ್ಕೆವು.

ಈಗ ಒಂದೇ ಚಿಂತೆ. ಮತ್ತೆ ಎಣ್ಣೆಯ ಡಬ್ಬಿ ಹಿಡಿದು ಬಂದರೆ? ಬೇಡ ಅಂದರೆ ಯಾಕೆ ಅಂತಾರೆ. ಶನಿವಾರ ಇವರು ಮಲಗಿದ ಮೇಲೆ ಡಿಸ್ಕನ್ನು ಸೋಪು ಹಾಕಿ ತೊಳೆದುಬಿಡುತ್ತೇನೆ.

ಆಗಸ್ಟ್ 10, ಶನಿವಾರ. ಸಂಜೆ

ಸೈಕಲ್ಲಿನ ಹತ್ತಿರವೂ ಸುಳಿಯಲಿಲ್ಲ. ಡಬ್ಬಿಯೂ ಇಲ್ಲ. ಐದಕ್ಕೇ ಮಲಗಿದರು. ಒಳ್ಳೆಯದೇ ಆಯಿತು ಅನ್ನಬೇಕು. ಆದರೆ ನಾಳೆ ಬರುವ ಮನಸ್ಸು ಬದಲಾಯಿಸಿದರಾ?

ಆಗಸ್ಟ್ 11, ಭಾನುವಾರ. ಬೆಳಿಗ್ಗೆ 7

ಹಿತ್ತಿಲಿನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಸೀಟಿನ ಮೇಲೆ ಪುಸ್ತಕ ಇಟ್ಟು.

ನಾನು ಏಳುವ ಮೊದಲೇ ಎದ್ದು ಹೊಡೆದಿದ್ದಾರೆ. ಫ್ರೇಮು ಪಳಪಳ. ವಾಸನೆ. ಗಾಲಿಯ ಹತ್ತಿರ ಬಗ್ಗಿದೆ.

ಡಿಸ್ಕು ಕಾಣಿಸಲಿಲ್ಲ. ಮುಂದಿನದಕ್ಕೂ ಹಿಂದಿನದಕ್ಕೂ ಬಟ್ಟೆ ಸುತ್ತಿದೆ. ಹಿಟ್ಟು ಉಬ್ಬಲು ಇಟ್ಟಾಗ ಮೇಲೆ ಹೊದಿಸುವ ಬಿಳಿ ಬಟ್ಟೆ. ಬ್ರೇಕಿನ ಸುತ್ತಲೂ ಒಂದು ಹನಿ ಎಣ್ಣೆ ಹೋಗದ ಹಾಗೆ ಮಡಿಸಿ, ಬ್ರೆಡ್ಡಿನ ಪೊಟ್ಟಣಕ್ಕೆ ಹಾಕುವ ಅದೇ ಗಂಟು.

ಕೋಟಿನ ಜೇಬು! ಆ ಪ್ಯಾಡು ಇವರಿಗೇ ಸಿಕ್ಕಿದೆ. ಮೂಸಿ ನೋಡಿರಬೇಕು. ಅವರ ಎಣ್ಣೆ ಅವರಿಗೆ ಗೊತ್ತಾಗದೇ ಇರುತ್ತದೆಯೇ?

ಹಿಂದಿನ ಪುಟ ತಿರುವಿದೆ. ಒಗೆತ ಜುಲೈ 25. ಇಳಿಜಾರಿನ ಹತ್ತಿರ ನಿಲ್ಲುತ್ತೇನೆ ಅಂದದ್ದು ಆಗಸ್ಟ್ 4. ಗೊತ್ತಾದ ಮೇಲೆ. ಎಲ್ಲ ಗೊತ್ತಾದ ಮೇಲೆ ಹೇಳಿದ ಮಾತು ಅದು. ಹದಿನೇಳು ದಿನ ಇಬ್ಬರೂ ಒಬ್ಬರಿಂದೊಬ್ಬರು ಒಂದೇ ಗುಟ್ಟನ್ನು ಮುಚ್ಚಿಟ್ಟು...

ಗೇಟಿನ ಹತ್ತಿರ ಕೂಗುತ್ತಿದ್ದಾರೆ. "ಬಾರೇ, ಟೀಚರ್ ವ್ಯಾನು ಬಂತು!" ಕೈಯಲ್ಲಿ ಬನ್ನಿನ ಚೀಲ ಇದೆ.

ಬಂದೆ ರೀ. ಈ ಗಂಟು ಬಿಚ್ಚಿ, ಒಂದೇ ನಿಮಿಷ.