ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ನನ್ನ ಸುಳ್ಳು

ಪದವಿಗಳ ಹೋಲಿಕೆ ಪಟ್ಟಿ ಪ್ರಕಟಿಸುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನೀವು ಅಚ್ಚು ಹಾಕಿಸಿರುವ ಪಟ್ಟಿಯ ಐದನೆಯ ಪುಟದಲ್ಲಿ ನನ್ನ ಸುಳ್ಳೊಂದು ಮೊದಲ ಸ್ಥಾನದಲ್ಲಿ ಕೂತಿದೆ. ದಯವಿಟ್ಟು ತೆಗೆಸಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಲಿಲ್ಲ, ಅಚ್ಚಾಗಿ ಮನೆಗೇ ಬಂತು.

ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್‌ನಂಥ ಲ್ಯಾಟಿನ್ ಮೂಲದ ಭಾಷೆಗಳನ್ನು ಯಾವ ಕಾಲೇಜಿನಲ್ಲಿ ಓದಿದರೆ ಎಷ್ಟು ಖರ್ಚು, ಓದಿದ ಮೇಲೆ ಎಷ್ಟು ಸಂಬಳ ಎಂದು ತಿಳಿಸುವ ಪುಟ ಅದು. ನನ್ನ ಮಗಳು ಇಟಾಲಿಯನ್ ಓದಿದ ಕಾಲೇಜು ಶುಲ್ಕದಲ್ಲೂ ಮೊದಲು, ಸಂಬಳದಲ್ಲೂ ಮೊದಲು. ಆ ಸಂಬಳ ಹುಟ್ಟಿದ್ದು ನನ್ನ ಇಸ್ತ್ರಿ ಅಂಗಡಿಯಲ್ಲಿ. ಕಳೆದ ವರ್ಷ ನಿಮ್ಮ ಕಚೇರಿಯಿಂದ ಫೋನ್ ಬಂದಾಗ ಮಗಳು ಒಳಗೆ ಹೋಟೆಲಿನ ಹಾಸುಗಳನ್ನು ಮಡಚುತ್ತಿದ್ದಳು. "ನಿಮ್ಮ ಮಗಳಿಗೆ ಕೆಲಸ ಸಿಕ್ತಾ?" ಎಂದರು. ಪರ ಊರಿನಿಂದ ಬಂದಿದ್ದ ನನ್ನ ತಮ್ಮನ ಹೆಂಡತಿ ಎದುರಿಗೇ ಕಿವಿ ನಿಮಿರಿಸಿ ಕೂತಿದ್ದಳು. ನಾನೇನು ಹೇಳಬೇಕಿತ್ತು? "ಸಿಕ್ತು, ದೊಡ್ಡ ಕಂಪನಿ. ಮನೆಯಿಂದಲೇ ಕೆಲಸ" ಎಂದೆ. ಸಂಬಳ ಕೇಳಿದರು. ಬಾಯಿಗೆ ಬಂದಷ್ಟು ಹೇಳಿದೆ. ಕೊಡುವವರೇ ಇಲ್ಲದಾಗ ಕಡಿಮೆ ಏಕೆ ಹೇಳಲಿ?

ಆ ವರ್ಷ ಆ ತರಗತಿಯಲ್ಲಿ ಪಾಸಾದವರು ನಾಲ್ವರು. ಉಳಿದ ಮೂವರು ಫೋನ್ ಎತ್ತಲಿಲ್ಲವಂತೆ. ಹಾಗಾಗಿ ನಿಮ್ಮ ಸರಾಸರಿ ಎಂದರೆ ನಾನೊಬ್ಬಳೇ. ಅರ್ಧ ಶುಲ್ಕದ ಇನ್ನೊಂದು ಕಾಲೇಜು ಪಟ್ಟಿಯ ತಳದಲ್ಲಿ ಬಿದ್ದಿದೆ. ಅಲ್ಲಿಯ ತಾಯಂದಿರು ನಿಜ ಹೇಳಿರಬೇಕು, ಪಾಪ.

ಓದು ವ್ಯರ್ಥವಾಯಿತೆಂದು ನಾನು ಹೇಳುತ್ತಿಲ್ಲ. ಹಾಸು ಮಡಚುತ್ತಾ ಅವಳು ಆ ಭಾಷೆಯ ಕಥೆಗಳನ್ನು ನನಗೆ ಹೇಳುತ್ತಾಳೆ, ಇಬ್ಬರೂ ನಗುತ್ತೇವೆ. ಅದಕ್ಕೆ ನಿಮ್ಮ ಪಟ್ಟಿಯಲ್ಲಿ ಕಾಲಂ ಇಲ್ಲ, ಇರಲಿ.

ಈಗ ಆ ಪುಟ ಹಿಡಿದುಕೊಂಡು ನನ್ನ ತಮ್ಮ ತನ್ನ ಮಗಳನ್ನು ಅಲ್ಲಿಗೇ ಸೇರಿಸಲು ಹೊರಟಿದ್ದಾನೆ. ಆ ಹುಡುಗಿಗೆ ನರ್ಸಿಂಗ್ ಸೀಟು ಸಿಕ್ಕಿದೆ, ಅವಳಿಗೆ ಇಷ್ಟವೂ ಅದೇ. ಶುಕ್ರವಾರ ಆ ಸೀಟು ಬಿಟ್ಟುಕೊಡುತ್ತಾರಂತೆ. ಅವನ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವನು ಪುಟದ ಮೇಲೆ ಬೆರಳು ಕುಟ್ಟುತ್ತಾ, "ಅಚ್ಚಾಗಿರೋದು ಸುಳ್ಳು, ನೀನು ಹೇಳೋದು ನಿಜಾನಾ? ನನ್ನ ಮಗಳು ನಿನ್ನ ಮಗಳ ಸಮಕ್ಕೆ ಬಂದ್ಬಿಡ್ತಾಳೆ ಅಂತ ಹೊಟ್ಟೆಕಿಚ್ಚಾ ಅಕ್ಕಾ?" ಎಂದ. ದಾರಿಯುದ್ದಕ್ಕೂ ಅತ್ತುಕೊಂಡೇ ವಾಪಸು ಬಂದೆ.

ಮರುದಿನ ನಿಮ್ಮ ಕಚೇರಿಗೆ ಬಂದೆ. ಮೂರನೆಯ ಕಿಟಕಿಯ ಗುಮಾಸ್ತರು ಮರ್ಯಾದೆಯಿಂದಲೇ, "ಅಮ್ಮಾ, ತಿದ್ದಬೇಕಾದ್ರೆ ಸಂಬಳದ ಚೀಟಿ ತನ್ನಿ" ಎಂದರು. "ಸಂಬಳವೇ ಇಲ್ಲ ಅಂತ ತಾನೇ ನಾನು ಹೇಳ್ತಿರೋದು" ಎಂದೆ. "ಹಾಗಾದ್ರೆ ಇಲ್ಲ ಅಂತ ಕಂಪನಿಯಿಂದ ಬರೆಸ್ಕೊಂಡು ಬನ್ನಿ." ಯಾವ ಕಂಪನಿಯಿಂದ ಸ್ವಾಮಿ? ಸುಳ್ಳಿಗೆ ಯಾರೂ ಸಾಕ್ಷಿ ಕೇಳಲಿಲ್ಲ, ನಿಜಕ್ಕೆ ಮಾತ್ರ ಮೊಹರು ಬೇಕೆ?

ನನ್ನ ಕೈಯಲ್ಲಿ ಇನ್ನೇನೂ ಉಳಿದಿಲ್ಲ. ಹೇಳಬೇಕಾದವರಿಗೆಲ್ಲ ಹೇಳಿಯಾಯಿತು, ನಂಬುವವರು ಯಾರೂ ಸಿಕ್ಕಲಿಲ್ಲ. ಶುಕ್ರವಾರದೊಳಗೆ ಆ ಅಂಕಿಯನ್ನು ಅಳಿಸಿ. ಅಳಿಸಲು ನಿಯಮ ಬಿಡದಿದ್ದರೆ ಅದರ ಪಕ್ಕದಲ್ಲಿ 'ಇದು ತಾಯಿ ಹೇಳಿದ್ದು' ಎಂದಾದರೂ ಸೇರಿಸಿ. ಹೆತ್ತವರಿಗೆ ಅಷ್ಟು ಸಾಕು, ತಿಳಿದುಕೊಳ್ಳುತ್ತಾರೆ.

ಇಂತಿ,
ಬಾಯಿ ತಡೆಯದೆ ಕೆಟ್ಟ ಒಬ್ಬ ಇಸ್ತ್ರಿಯವಳು