ಅರವತ್ತೊಂದರ ಮಗುವಿಗೆ ತಾಯಿಯ ಒಪ್ಪಿಗೆ

ಶ್ರೀನಿವಾಸಪುರ
ಶುಕ್ರವಾರ, ೧೨–೬–೨೦೨೬

ಪ್ರೀತಿಯ ಅಮ್ಮನಿಗೆ ಅಶ್ವತ್ಥಪ್ಪನ ನಮಸ್ಕಾರ.

ನಿನ್ನ ಮಂಡಿನೋವು ಹೇಗಿದೆ? ನನ್ನ ಮಾವಿನ ಮಂಡಿಯ ನೋವನ್ನು ಆಮೇಲೆ ಹೇಳುತ್ತೇನೆ. ಟೇಕಲ್‌ನಲ್ಲಿ ತಂಗಿ ರಮಾದೇವಿ ನಿನಗೆ ಮುದ್ದೆಯನ್ನು ಮೆತ್ತಗೆ ಮಾಡಿಕೊಡುತ್ತಿದ್ದಾಳೆಯೇ, ಇಲ್ಲ ಗಂಡನಿಗೆಂದು ಗಟ್ಟಿಯಾಗಿಯೇ ತಿರುವುತ್ತಾಳೆಯೇ? ಫೋನ್ ಮಾಡಿದರೆ 'ಅವನ ಫೋನ್ ನನ್ನ ಕಿವಿಗಿಡಬೇಡ' ಎನ್ನುತ್ತೀಯಂತೆ. ಅದಕ್ಕೇ ಕಾಗದ. ಕಾಗದವಾದರೆ ಕೋಪ ಬಂದಲ್ಲಿ ಮಡಚಿಟ್ಟು, ಇಳಿದ ಮೇಲೆ ಮುಂದಕ್ಕೆ ಓದಬಹುದು.

ನೀನು ಮನೆ ಬಿಟ್ಟು ಹದಿನೆಂಟು ದಿನವಾಯಿತು. ತಪ್ಪು ನನ್ನದೇ. ಮೊಮ್ಮಗಳು ತ್ರಿವೇಣಿ ಮಂಡಿಯಲ್ಲಿ ಕೂತು, ಮೊಣಕೈವರೆಗೆ ರಸ ಸುರಿಸಿಕೊಂಡು ರಸಪುರಿ ಹೀರುತ್ತಾ, 'ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಂಡೆ, ಆದ್ರೂ ತಾತ ಹಣ್ಣು ಕೊಟ್ರು' ಎಂದಳು. ಅದನ್ನು ವಿಡಿಯೊ ಮಾಡಿ, ಅವಳ ಹೆಸರು, ಸ್ಕೂಲು, ಮೂರನೇ ಕ್ಲಾಸು ಎಲ್ಲವನ್ನೂ ಬರೆದು ಮಂಡಿಯ ಖಾತೆಯಲ್ಲಿ ಹಾಕಿದೆ. ನಲವತ್ತೊಂದು ಸಾವಿರ ಜನ ನೋಡಿದರು. ನೀನು 'ಸಿಗ್ಗು ಲೇದಾ ನೀಕು, ನಾಚ್ಕೆ ಇಲ್ವಾ? ಮಗು ಏನ್ಲಾ, ನಿನ್ನ ಅಂಗಡಿ ಬೋರ್ಡಾ? ಅದನ್ನ ತೆಗೆಯೋವರ್ಗೂ ಈ ಹೊಸ್ಲು ತುಳಿಯಲ್ಲ' ಎಂದು ಚೀಲ ಹಿಡಿದು ಹೊರಟೆ. ನಾನು ನಕ್ಕೆ. ದೃಷ್ಟಿಯಾದರೆ ಮೆಣಸಿನಕಾಯಿ ನೀವಾಳಿಸಿದರಾಯಿತು ಎಂದೆ. ಈಗ ಸ್ಕೂಲು ತೆರೆದಿದೆ, ಮಕ್ಕಳು ಅವಳನ್ನು 'ಒದ್ದೆ ರಸಪುರಿ' ಎಂದು ಕರೆಯುತ್ತಾರೆ. ಅದಕ್ಕೆ ಮೆಣಸಿನಕಾಯಿ ಕೆಲಸ ಮಾಡುವುದಿಲ್ಲ. ಸೊಸೆ ಶಾಮಲಾ ನನಗೆ ಅನ್ನ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ.

ವಿಡಿಯೊ ತೆಗೆಯೋಣವೆಂದು ಹೋದರೆ ಖಾತೆಗೆ ಬೀಗ. ಮಕ್ಕಳ ಮಾಹಿತಿ ಕಾಪಾಡುವುದಕ್ಕೆ ಹೊಸ ಕಾನೂನು ಬಂದಿದೆಯಂತೆ, ಹದಿನೆಂಟು ತುಂಬದವರು ಹೆತ್ತವರ ಒಪ್ಪಿಗೆ ತರಬೇಕಂತೆ. ತರಲಿ, ಒಳ್ಳೆಯದೇ, ನನಗೇನು ಅಂದುಕೊಂಡೆ. ಮೊಬೈಲ್ ಅಂಗಡಿಯ ಗೋಪಿ ನೋಡಿ, 'ಅಣ್ಣಾ, ನಿಮಗೆ ಇನ್ನೂ ಹದಿನೈದು ಅಂತ ತೋರಿಸ್ತಿದೆ' ಎಂದ. ಖಾತೆ ತೆರೆಯುವಾಗ ಹುಟ್ಟಿದ ದಿನ ಕೇಳಿತ್ತು. ಮಂಡಿಯ ಖಾತೆಯಲ್ಲವೇ, ಮಂಡಿ ಹುಟ್ಟಿದ ದಿನ ಬರೆದೆ: ೨೦೧೧ರ ಯುಗಾದಿ. ಲೆಕ್ಕದಲ್ಲಿ ತಪ್ಪೇನಿಲ್ಲ ನೋಡು. ಆಧಾರ್ ಕಾರ್ಡು, ಬೋಳುತಲೆ ಎರಡರ ಫೋಟೊವನ್ನೂ ಕಳಿಸಿದೆ. 'ಪ್ರಿಯ ಪುಟಾಣಿ, ಮನೆಯ ಹಿರಿಯರ ನೆರವು ಪಡೆಯಿರಿ' ಎಂದು ಉತ್ತರ ಬಂತು. ಗೋಪಿ ಊರಿಗೆಲ್ಲ ಸಾರಿದ್ದಾನೆ. ಬೈರಕೂರಿನ ರೈತರು ತೋತಾಪುರಿ ಇಳಿಸುವ ಮೊದಲು, 'ದೊಡ್ಡೋರು ಯಾರೂ ಇಲ್ವೇನಪ್ಪಾ ಮಂಡೀಲಿ?' ಎಂದು ನನ್ನನ್ನೇ ಕೇಳುತ್ತಾರೆ.

ಹೆತ್ತವರೆಂದರೆ ಉಳಿದಿರುವವಳು ನೀನೊಬ್ಬಳೇ. ನಾಳೆ ರಮಾದೇವಿಯ ಫೋನಿಗೆ ಒಂದು ಸಂದೇಶ ಬರುತ್ತದೆ. 'ಈ ಮಗು ನಿಮ್ಮದೇ?' ಎಂದು ಕೇಳುತ್ತದೆ. ಹಳೆಯದನ್ನೆಲ್ಲ ನೆನೆದು ಯೋಚಿಸುತ್ತಾ ಕೂರಬೇಡ, ಹೌದು ಅನ್ನು. ನಿನ್ನ ಆಧಾರ್ ನಂಬರ್ ಹಾಕಿಸಿ ಹಸಿರು ಗುಂಡಿ ಒತ್ತಿದರೆ ಒಪ್ಪಿಗೆ ಕೊಟ್ಟಂತೆ. ಅವರು ಪರಿಶೀಲಿಸಿ ಎಂಟು ದಿನಕ್ಕೆ ಬೀಗ ತೆಗೆಯುತ್ತಾರೆ, ತೆಗೆದ ತಕ್ಷಣ ವಿಡಿಯೊ ಅಳಿಸುತ್ತೇನೆ. ಸುಗ್ಗಿಯೂ ಜೋರಾಗಿದೆ. ಹೊಸೂರಿನಿಂದ ಚೆನ್ನೈವರೆಗೆ ಆರು ಸಾವಿರ ಗಿರಾಕಿಗಳು ಆ ಖಾತೆಯನ್ನೇ ನೋಡಿಕೊಂಡು ಹಣ್ಣು ಕೇಳುತ್ತಾರೆ. ಒಬ್ಬೊಬ್ಬರನ್ನೂ ನಾನೇ ಮಾತಾಡಿಸಿ ಕೂಡಿಸಿದ್ದು, ಅದೂ ಉಳಿಯುತ್ತದೆ. ಒಂದು ಗುಂಡಿಗೆ ಎರಡು ಕೆಲಸ.

ರಮಾದೇವಿಗೆ ಆಶೀರ್ವಾದ. ನಿನ್ನ ಕಾಲಿಗೆ ಬಿದ್ದಿದ್ದೇನೆ ಅಂದುಕೋ. ನಿಜವಾಗಿ ಬಿದ್ದರೆ ಹದಿನೈದರ ಈ ಹರೆಯದಲ್ಲಿ ಏಳುವುದು ಕಷ್ಟ.

ನಿನ್ನ ಅಪ್ರಾಪ್ತ ವಯಸ್ಸಿನ ಮಗ,
ಅಶ್ವತ್ಥಪ್ಪ

ತಾ.ಕ.: ಟೇಕಲ್ ಕಡೆ ಹೊರಟ ಲಾರಿಯವನು ಈ ಕಾಗದಕ್ಕಾಗಿ ಹಾರ್ನ್ ಹೊಡೆಯುತ್ತಿದ್ದಾನೆ. ಮರೆತಿದ್ದೆ ಎಂದು ಸುಳ್ಳು ಬರೆಯುವುದಿಲ್ಲ, ಬೇಕೆಂದೇ ಬಿಟ್ಟಿದ್ದೆ. ಹಸಿರು ಗುಂಡಿಯ ಕೆಳಗೆ ಕೆಂಪು ಗುಂಡಿಯೊಂದಿದೆ: 'ನನ್ನ ಮಗುವಿನ ಖಾತೆಯನ್ನು ಪೂರ್ತಿ ಅಳಿಸಿ'. ಅದಕ್ಕೆ ಎಂಟು ದಿನ ಕಾಯಬೇಕಿಲ್ಲ. ಒತ್ತಿದ ಗಳಿಗೆಯಲ್ಲೇ ವಿಡಿಯೊ ಹೋಗುತ್ತದೆ, ಆರು ಸಾವಿರ ಗಿರಾಕಿಗಳೂ ಹೋಗುತ್ತಾರೆ. ತ್ರಿವೇಣಿ ಮಂಗಳವಾರದಿಂದ ಸ್ಕೂಲಿಗೆ ಹೋಗಿಲ್ಲ. ಇವತ್ತು ಬೆಳಿಗ್ಗೆ ಬಾದಾಮಿ ಮಾವಿನ ಹೋಳು ಕೊಡಲು ಹೋದೆ. ನಾನು ಫೋನನ್ನು ಆಚೆ ಇಟ್ಟು ಬರುವವರೆಗೂ ಅವಳು ಬಾಯಿ ತೆರೆಯಲಿಲ್ಲ. ಕೆಂಪನ್ನೇ ಒತ್ತಮ್ಮ.